ಕುಮಟಾ ಪೇಟೆಯ ಹಲಗೆ ಬಾಗಿಲಿನ ಅಂಗಡಿ: ಕೆಡವದೆ ಉಳಿಸಬಹುದೇ?

ಅಂಗಡಿಯ ಮೊಮ್ಮಗಳು:
ಕುಮಟಾ ಪೇಟೆಯಲ್ಲಿ ನಮ್ಮದು ಅಜ್ಜನ ಕಾಲದ ಅಂಗಡಿ. ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು, ಮುಂದೆ ಜಗಲಿ. ಹೊಸ್ತಿಲಿನ ಸೀಳಿನಲ್ಲಿ ಒಂದೊಂದೇ ಹಲಗೆ ಸರಿಸಿ ಬಾಗಿಲು ಹಾಕುತ್ತೇವೆ. ಹಲಗೆಗಳ ಮೇಲೆ ಅಜ್ಜ ಕೊರೆದ ಅಂಕಿಗಳು ಹಾಗೇ ಇವೆ. ಹೊರಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ ಮೇಲೆ ಪ್ರತಿ ಮಳೆಗಾಲದಲ್ಲೂ ಒಳಗೋಡೆ ಒದ್ದೆಯಾಗಿ ಬಣ್ಣ ಉದುರುತ್ತಿದೆ. ಗುತ್ತಿಗೆದಾರರು ಕೆಡವಿ ಕಾಂಕ್ರೀಟ್ ಕಟ್ಟೋಣ ಎನ್ನುತ್ತಾರೆ. ಅಮ್ಮನಿಗೂ ನನಗೂ ಮನಸ್ಸಿಲ್ಲ. ಬೇರೆ ದಾರಿ ಇದೆಯೇ?

ಪೇಟೆಯ ನೆರೆಯವ:
ನಾವು ಕೆಡವಿ ಕಟ್ಟಿದೆವು. ಸೋರುವುದು ನಿಂತಿತು, ನಿಜ. ಆದರೆ ಏಪ್ರಿಲ್ ಸೆಕೆಯಲ್ಲಿ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ.

ಸಿರ್ಸಿಯ ನಿವೃತ್ತ ಎಂಜಿನಿಯರ್:
ತಂಗಿ, ದಯವಿಟ್ಟು ಕೆಡವಬೇಡಿ. ಚಿರೆಕಲ್ಲು ನೀರು ಹೀರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಆ ಹೊರದಾರಿಯನ್ನು ಮುಚ್ಚಿದೆ. ಗಿಲಾವಿನ ಬಿರುಕಿನಿಂದ ಹೊಕ್ಕ ಮಳೆನೀರು, ನೆಲದಿಂದೇರಿದ ತೇವ ಎರಡೂ ಈಗ ನಿಮ್ಮ ಅಂಗಡಿಯೊಳಗೇ ಹೊರಬೀಳುತ್ತಿವೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಮೊದಲು ಮಾಡು ನೋಡಿಸಿ: ಒಡೆದ ಹಂಚು, ಹಂಚಿನಡಿಯ ಮರದಲ್ಲಿ ಕೊಳೆತ ಪಕಾಸಿ, ರೀಪು. ಮಳೆಗಾಲ ಮುಗಿದ ಮೇಲೆ ಸಿಮೆಂಟನ್ನು ಸಣ್ಣ ಉಳಿಯಿಂದ ನಿಧಾನವಾಗಿ ತೆಗೆಸಿ, ಗೋಡೆ ಚೆನ್ನಾಗಿ ಒಣಗಲು ಬಿಡಿ. ನಂತರ ಸುಣ್ಣದ ಗಾರೆ, ಅದರ ಮೇಲೆ ಸುಣ್ಣವನ್ನೇ ಬಳಿಸಿ, ಪ್ಲಾಸ್ಟಿಕ್ ಬಣ್ಣ ಬೇಡವೇ ಬೇಡ. ಗಾರೆ ಗಟ್ಟಿಯಾಗಲು ಸಮಯ ಬೇಕು, ಮೇ ತಿಂಗಳಿನಲ್ಲಿ ಶುರುಮಾಡಿದರೆ ಮಳೆಯ ಪಾಲಾಗುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಿಮ್ಮೂರಿನ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲೂ ಅದಕ್ಕೆ ಕುಮಟಾದ ಹೆಸರೇ. 1861–65ರ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ಇಲ್ಲಿ ವ್ಯಾಪಾರ ಉಕ್ಕಿತು. ಮುಂದೆ ಗೋವೆಯ ಮುರ್ಮಗೋವಾ ಬಂದರಿಗೆ ರೈಲು ಬಂದು ಸರಕು ಆ ಕಡೆ ತಿರುಗಿತು. ಆ ಸಿರಿವಂತಿಕೆಯ ಗುರುತಾಗಿ ನಮಗೆ ಉಳಿದಿರುವುದು ಇಂಥ ಪೇಟೆಸಾಲುಗಳೇ. ಒಂದೊಂದೇ ಅಂಗಡಿ ಹೋಗುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಂಗಡಿಯ ಮೊಮ್ಮಗಳು:
ಧನ್ಯವಾದ ಸರ್. ಕಟ್ಟಡದ ವಯಸ್ಸು ತಿಳಿಯುವುದು ಹೇಗೆ?

ಸಿರ್ಸಿಯ ನಿವೃತ್ತ ಎಂಜಿನಿಯರ್:
ಹಂಚು ತೆಗೆದಾಗ ಮಗುಚಿ ನೋಡಿ, ಕಾರ್ಖಾನೆಯ ಮುದ್ರೆ ಇರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಹಾಗಾಗಿ ಅಂಥ ಮಾಡು ಅದಕ್ಕಿಂತ ಹಳೆಯದಾಗಿರಲಾರದು. ಗೋಡೆ ಮಾತ್ರ ಹಳೆಯದಿರಬಹುದು, ಏಕೆಂದರೆ ಹುಲ್ಲಿನ ಮಾಡು ತೆಗೆದು ಹಂಚು ಹೊದಿಸಿದ ಮನೆಗಳು ಬಹಳ. ಗಾರೆ ಕೆಲಸದವರಿಗಾಗಿ, ಹತ್ತಿರದ ಹಳೆಯ ದೇವಸ್ಥಾನಗಳನ್ನು ದುರಸ್ತಿ ಮಾಡಿದವರನ್ನು ವಿಚಾರಿಸಿ.