ಮದುವೆ ನೋಂದಣಿ ಅರ್ಜಿ ಮೂರನೇ ಸಲ ವಾಪಸ್. ಏನು ತಪ್ಪಾಗಿದೆ?

ತುಂಗಾತೀರ:
ಮೂರನೇ ಸಲ ವಾಪಸ್ ಬಂತು. ಸಾಕಾಗಿ ಹೋಗಿದೆ. ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಫೋಟೊ, ಇಬ್ಬರ ಆಧಾರ್, ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ಮೂವರು ಸಾಕ್ಷಿಗಳ ವಿವರ ಎಲ್ಲ ಹಾಕಿದ್ದೇನೆ. 'ದಾಖಲೆ ಸರಿಯಿಲ್ಲ, ಪರಿಶೀಲಿಸಿ' ಅಂತ ಒಂದೇ ಸಾಲು. ಯಾವ ದಾಖಲೆ ಅಂತ ಹೇಳುವುದಿಲ್ಲ. ಕಚೇರಿಗೆ ಹೋಗಿ ಕೇಳಿದರೆ ಆನ್‌ಲೈನ್‌ನಲ್ಲೇ ನೋಡಿಕೊಳ್ಳಿ ಅನ್ನುತ್ತಾರೆ. ನನ್ನ ತಮ್ಮನ ಮದುವೆ ಅದೇ ಕಚೇರಿಯಲ್ಲಿ ಒಂದೇ ದಿನಕ್ಕೆ ನೋಂದಣಿ ಆಯ್ತು. ಹೆಂಡತಿಯ ವೀಸಾಗೆ ಸರ್ಟಿಫಿಕೇಟ್ ಬೇಕೇ ಬೇಕು. ಎರಡು ತಿಂಗಳಲ್ಲಿ ನಾನು ಹೊರಡಬೇಕು. ಯಾರಿಗಾದರೂ ಹೀಗಾಗಿದೆಯಾ?

ದಾಖಲೆಮಾಮ:
ಹೆಸರು. ನೂರಕ್ಕೆ ನೂರು ಹೆಸರಿನ ಸಮಸ್ಯೆ. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ ಇದೆಯಾ, ಮುಂದೆ ಇದೆಯಾ? ಮಾರ್ಕ್ಸ್ ಕಾರ್ಡ್‌ನಲ್ಲಿ? ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ಆಧಾರ್ ಒಟಿಪಿ ಹಾಕಿದ ಕೂಡಲೇ ಅಲ್ಲಿನ ಹೆಸರೇ ಬರುತ್ತದೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಬೇರೆ ಇದ್ದರೆ ಅಧಿಕಾರಿ ಒಪ್ಪುವುದಿಲ್ಲ.

ತುಂಗಾತೀರ:
ನನ್ನದು ಎರಡರಲ್ಲೂ ಒಂದೇ. ಹೆಂಡತಿಯ ಆಧಾರ್‌ನಲ್ಲಿ ಮನೆಹೆಸರು ಪೂರ್ತಿ ಇದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಶಿಯಲ್.

ದಾಖಲೆಮಾಮ:
ಅದೇ ನೋಡಿ! ನೋಟರಿ ಹತ್ತಿರ ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ ಜೊತೆಗೆ ಹಾಕಿ. ನನ್ನ ಅಕ್ಕನ ಮಗಳಿಗೆ ಹೀಗೇ ಮಾಡಿಸಿದ್ದು.

ತುಂಗಾತೀರ:
ಎರಡನೇ ಸಲವೇ ಹಾಕಿದ್ದೆ. ಆದರೂ ವಾಪಸ್.

ದಾಖಲೆಮಾಮ:
ಹಾಗಾದರೆ ಅಫಿಡವಿಟ್‌ನಲ್ಲೇ ಕಾಗುಣಿತ ತಪ್ಪಿರಬೇಕು. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಸಾಕು. ಮತ್ತೆ ನೋಡಿ.

ಹಳೇಬೀಡುಹುಡುಗ:
ವೀಸಾ ಅಂದರೆ ಮೊದಲು ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಸೇರಿಸಬೇಕು. ಅದಕ್ಕೂ ಮದುವೆ ಸರ್ಟಿಫಿಕೇಟ್ ಕೇಳುತ್ತಾರೆ. ಎರಡೂ ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಬೆಳ್ಳಂಬೆಳಗ್ಗೆ:
ತಪ್ಪು ಮಾಹಿತಿ ಸರ್. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ನಿಯಮ ಬದಲಿಸಿತು. ಪಾಸ್‌ಪೋರ್ಟ್‌ಗೆ ಮದುವೆ ಸರ್ಟಿಫಿಕೇಟ್ ಕಡ್ಡಾಯ ಅಲ್ಲ.

ಹಳೇಬೀಡುಹುಡುಗ:
ನಮ್ಮ ಕಡೆ ಕೇಳಿದರು.

ಬೆಳ್ಳಂಬೆಳಗ್ಗೆ:
ಕೇಳಿರಬಹುದು. ನಿಯಮದಲ್ಲಿ ಇಲ್ಲ ಅಂತ ಹೇಳಿದೆ ಅಷ್ಟೆ. ಇಷ್ಟಕ್ಕೂ ಅವರ ಪ್ರಶ್ನೆ ಪಾಸ್‌ಪೋರ್ಟ್ ಬಗ್ಗೆ ಅಲ್ವಲ್ಲ.

ಅರ್ಕಾವತಿ:
ಯಾವ ದೇಶ? ನೆದರ್‌ಲ್ಯಾಂಡ್ಸ್‌ನಂಥ ಕಡೆ ಹೋಗುವುದಾದರೆ ಸರ್ಟಿಫಿಕೇಟ್ ಮೇಲೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ದಾಖಲೆ ಒಪ್ಪಲು ಬೇಕಾದ ದೃಢೀಕರಣ, ಹಾಕಿಸಬೇಕು. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ. ರಾಜ್ಯ ಸರ್ಕಾರದ ದೃಢೀಕರಣ ಮೊದಲು, ವಿದೇಶಾಂಗ ಸಚಿವಾಲಯದ ಸ್ಟಿಕರ್ ಆಮೇಲೆ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಲ್ಯಾಮಿನೇಟ್ ಆದ ಕಾಗದಕ್ಕೆ ಸ್ಟಿಕರ್ ಹಾಕುವುದಿಲ್ಲ. ನನ್ನ ಗೆಳತಿ ಅದೇ ಕಾರಣಕ್ಕೆ ಇನ್ನೊಂದು ದೃಢೀಕೃತ ನಕಲು ತೆಗೆಸಬೇಕಾಯ್ತು.

ತುಂಗಾತೀರ:
ಹೌದು, ನೆದರ್‌ಲ್ಯಾಂಡ್ಸೇ. ಅಪೊಸ್ಟಿಲ್ ಆಮೇಲಿನ ಮಾತು ಮೇಡಂ. ಮೊದಲು ಸರ್ಟಿಫಿಕೇಟ್ ಸಿಗಬೇಕಲ್ಲ.

ಕಾಗದದ ಮನೆ:
ಲ್ಯಾಮಿನೇಷನ್ ಮಾತು ಬಂತು ಅಂತ ಹೇಳುತ್ತೇನೆ. ನಾನು ಎಲ್ಲ ಮೂಲ ದಾಖಲೆಗಳನ್ನೂ ಕವರ್ ಫೈಲ್‌ನಲ್ಲಿ ಇಡುತ್ತೇನೆ, ಒಂದು ಕವರ್‌ಗೆ ಒಂದೇ ಕಾಗದ. ಎಲ್ಲದರ ಕಲರ್ ಸ್ಕ್ಯಾನ್ ಎರಡು ಪೆನ್‌ಡ್ರೈವ್‌ನಲ್ಲಿ ಇದೆ. ಅಪ್ಪನ 1978ರ ಮದುವೆ ನೋಂದಣಿಯ ದೃಢೀಕೃತ ನಕಲು, ನಮ್ಮದು, ತಂಗಿಯದು ಎಲ್ಲ ವರ್ಷದ ಪ್ರಕಾರ ಜೋಡಿಸಿದ್ದೇನೆ. ಬೀರುವಿನ ಒಂದು ಅರೆ ಪೂರ್ತಿ ಇದಕ್ಕೇ. ಹದಿನೈದು ವರ್ಷದಿಂದ ಒಂದು ಕಾಗದವೂ ಕಳೆದಿಲ್ಲ.

ದಾಖಲೆಮಾಮ:
ಒಳ್ಳೆಯ ಕೆಲಸ. ನಾನು ಸಿಲಿಕಾ ಜೆಲ್ ಪೊಟ್ಟಣ ಕೂಡ ಹಾಕುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದಕ್ಕೆ ಬೂಷ್ಟು ಬರುತ್ತದೆ.

ಕೊಪ್ಪದವಳು:
ಇಲ್ಲೇ ಒಂದು ಪ್ರಶ್ನೆ ಕೇಳಲಾ? ನನ್ನ ಅಪ್ಪ ಅಮ್ಮನ ಮದುವೆ 1984ರಲ್ಲಿ ಆಗಿದ್ದು. ಅಮ್ಮನ ಪಿಂಚಣಿ ಕೆಲಸಕ್ಕೆ ಮದುವೆ ದಾಖಲೆ ಬೇಕಂತೆ. ನೋಂದಣಿ ಆಗಿದೆಯೋ ಇಲ್ಲವೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲಿ ಹುಡುಕಬೇಕು?

ಕಾಗದದ ಮನೆ:
ಮದುವೆ ಆದ ಊರು ಯಾವ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸೇರುತ್ತದೋ ಅಲ್ಲಿ ಮೊದಲು. ಗಂಡನ ಊರಿನ ಕಚೇರಿಯಲ್ಲಿ ಎರಡನೇದು. ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಆ ರಿಜಿಸ್ಟರ್ ಯಾರು ಬೇಕಾದರೂ ನೋಡಬಹುದು. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಕೊಡಲೇಬೇಕು. ವರ್ಷ, ತಿಂಗಳು, ಇಬ್ಬರ ಪೂರ್ತಿ ಹೆಸರು ಬರೆದುಕೊಂಡು ಹೋಗಿ. ಅಪ್ಪನದ್ದು ನಾನು ಹೀಗೇ ತೆಗೆಸಿದ್ದು. ಮದುವೆ ತಿಂಗಳು ತಪ್ಪಾಗಿ ಹೇಳಿದ್ದರಿಂದ ಎರಡು ಸಲ ಓಡಾಡಬೇಕಾಯ್ತು.

ಪಯಸ್ವಿನಿ:
ನಾನು ವಕೀಲೆ. ತುಂಗಾತೀರ ಅವರೇ, ಹೆಸರಿನ ವಿಷಯ ಸ್ವಲ್ಪ ಬದಿಗಿಡಿ. ಅರ್ಜಿಯಲ್ಲಿ ನಿಮ್ಮ ಹೆಂಡತಿಯ ಧರ್ಮ ಏನಂತ ಬರೆದಿದ್ದೀರಿ? ಅವರ ಮಾರ್ಕ್ಸ್ ಕಾರ್ಡ್‌ನಲ್ಲಿರುವ ಹೆಸರು ಎಂಥದ್ದು?

ತುಂಗಾತೀರ:
ಅದಕ್ಕೂ ಇದಕ್ಕೂ ಏನು ಸಂಬಂಧ? ಅವಳು ಮಂಗಳೂರಿನ ಕ್ಯಾಥೊಲಿಕ್. ಮದುವೆ ನಮ್ಮೂರ ದೇವಸ್ಥಾನದಲ್ಲಿ ಆಯ್ತು, ಎರಡೂ ಮನೆಯವರು ಬಂದಿದ್ದರು. ಅರ್ಜಿಯಲ್ಲಿ ಹಿಂದೂ ವಿವಾಹ ಅಂತ ಆರಿಸಿದೆ. ತಮ್ಮನೂ ಅದನ್ನೇ ಆರಿಸಿದ್ದ.

ಪಯಸ್ವಿನಿ:
ಸಂಬಂಧ ಇರುವುದೇ ಅಲ್ಲಿ. ಹಿಂದೂ ವಿವಾಹ ಕಾಯ್ದೆ 1955ರ ಅಡಿಯಲ್ಲಿ ಮದುವೆ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಬೌದ್ಧ, ಜೈನ, ಸಿಖ್ಖರೂ ಅದರಲ್ಲಿ ಬರುತ್ತಾರೆ. ಕ್ರೈಸ್ತರು ಬರುವುದಿಲ್ಲ. ಶಾಸ್ತ್ರ ಎಷ್ಟೇ ಸರಿಯಾಗಿ ಆಗಿದ್ದರೂ ಹಿಂದೂ-ಕ್ರೈಸ್ತ ಮದುವೆಯನ್ನು ಆ ಕಾಯ್ದೆಯಲ್ಲಿ ನೋಂದಾಯಿಸಲು ಬರುವುದಿಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೀವು ನಾಲ್ಕನೇ ಸಲ ಹಾಕಿದರೂ ವಾಪಸ್ ಬರುತ್ತದೆ.

ದಾಖಲೆಮಾಮ:
ಹೆಸರು ಹೊಂದದೆ ಇರುವುದೂ ಕಾರಣ ಆಗಿರಬಹುದಲ್ಲ ಮೇಡಂ?

ಪಯಸ್ವಿನಿ:
ಇರಬಹುದು. ಅದು ಸರಿ ಹೋದರೂ ಇದು ಸರಿ ಹೋಗುವುದಿಲ್ಲ.

ಹಳೇಬೀಡುಹುಡುಗ:
ದೇವಸ್ಥಾನದವರು ಕೊಟ್ಟ ಮದುವೆ ರಸೀದಿ ಇದ್ದರೆ ಸಾಕು ಅಂತ ಕೇಳಿದ್ದೆ.

ಪಯಸ್ವಿನಿ:
ಶಾಸ್ತ್ರ ನಡೆದಿದೆ ಅನ್ನುವುದಕ್ಕೆ ಅದು ಒಂದು ಸಾಕ್ಷಿ ಅಷ್ಟೆ. ನೋಂದಣಿಗೆ ಅದು ಬದಲಿಯಲ್ಲ.

ದಾರಿ ಇದೆ, ಗಾಬರಿ ಬೇಡ. ವಿಶೇಷ ವಿವಾಹ ಕಾಯ್ದೆ 1954. ಯಾರೂ ಧರ್ಮ ಬದಲಿಸಬೇಕಿಲ್ಲ. ಅದರ 15ನೇ ಸೆಕ್ಷನ್‌ನಲ್ಲಿ ಈಗಾಗಲೇ ಬೇರೆ ರೀತಿಯಲ್ಲಿ ಆದ ಮದುವೆಯನ್ನು ನೋಂದಾಯಿಸಬಹುದು. ಶಾಸ್ತ್ರ ಆಗಿರಬೇಕು, ಅಂದಿನಿಂದ ಗಂಡ ಹೆಂಡತಿಯಾಗಿ ಒಟ್ಟಿಗೆ ಇರಬೇಕು. ನೋಂದಣಿ ಹೊತ್ತಿಗೆ ಇಬ್ಬರಿಗೂ 21 ತುಂಬಿರಬೇಕು. ವಿವಾಹಾಧಿಕಾರಿಯ ಜಿಲ್ಲೆಯಲ್ಲಿ ಅರ್ಜಿ ಕೊಡುವ ಮುಂಚೆ ಇಬ್ಬರೂ 30 ದಿನ ವಾಸ ಮಾಡಿರಬೇಕು. ಅರ್ಜಿ ಕೊಟ್ಟ ಮೇಲೆ ನೋಟಿಸ್ ಹಾಕಿ 30 ದಿನ ಆಕ್ಷೇಪಣೆಗೆ ಕಾಯುತ್ತಾರೆ. ಯಾರೂ ಆಕ್ಷೇಪಿಸದಿದ್ದರೆ ನೀವಿಬ್ಬರೂ, ಮೂವರು ಸಾಕ್ಷಿಗಳೂ ಸಹಿ ಹಾಕುತ್ತೀರಿ. ಎರಡು ತಿಂಗಳು ಅಂದಿರಿ. ಈ ವಾರವೇ ಅರ್ಜಿ ಹಾಕಿದರೆ ಸಮಯ ಇದೆ. ಸಹಿ ದಿನ ನೀವೂ ಇರಲೇಬೇಕು, ಟಿಕೆಟ್ ಅದನ್ನು ನೋಡಿ ಬುಕ್ ಮಾಡಿ.

ಬೆಳ್ಳಂಬೆಳಗ್ಗೆ:
2021ರಲ್ಲಿ ಅಲಹಾಬಾದ್ ಹೈಕೋರ್ಟ್ ನೋಟಿಸ್ ಹಾಕುವುದು ಕಡ್ಡಾಯ ಅಲ್ಲ ಅಂತ ಹೇಳಿತ್ತಲ್ವಾ? ಅದನ್ನು ತೋರಿಸಿದರೆ 30 ದಿನ ಉಳಿಯುತ್ತದೆ.

ಪಯಸ್ವಿನಿ:
ಅದು ಉತ್ತರ ಪ್ರದೇಶದ ಹೈಕೋರ್ಟ್. ಇಲ್ಲಿನ ಕಚೇರಿಯಲ್ಲಿ ಅದನ್ನು ಹಿಡಿದು ವಾದ ಮಾಡಿದರೆ ಇನ್ನೂ ಹತ್ತು ದಿನ ಹೋಗುತ್ತದೆ. 30 ದಿನ ಇದೆ ಅಂತಲೇ ಲೆಕ್ಕ ಹಾಕಿ.

ಇನ್ನೊಂದು ಮಾತು, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ತುಂಗಾತೀರ ಅವರೇ, ನಿಮ್ಮದು ಒಟ್ಟು ಕುಟುಂಬವಾ? ತೋಟ, ಜಮೀನು ಇನ್ನೂ ಪಾಲಾಗಿಲ್ಲವಾ? ಈ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇದರಡಿ ಮದುವೆ ಆದ ಹಿಂದೂ ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ ಲೆಕ್ಕ. ಇಬ್ಬರೂ ಹಿಂದೂಗಳಾಗಿದ್ದರೆ ಇದು ಅನ್ವಯಿಸುವುದಿಲ್ಲ, ನಿಮಗೆ ಅನ್ವಯಿಸುತ್ತದೆ. ನಿಮ್ಮ ಪಾಲು ಎಲ್ಲಿಗೂ ಹೋಗುವುದಿಲ್ಲ. ಆದರೆ ಅಪ್ಪನಿಗೆ, ತಮ್ಮನಿಗೆ ಇದು ಗೊತ್ತಿರಲಿ. ನೋಂದಣಿ ಆದ ಮೇಲೆ ಬೇರೆಯವರ ಬಾಯಿಂದ ತಿಳಿದರೆ ಮನೆಯಲ್ಲಿ ಬೇಜಾರಾಗುತ್ತದೆ. ನಾನು ಅಂಥದ್ದನ್ನು ಕಣ್ಣಾರೆ ನೋಡಿದ್ದೇನೆ.

ತುಂಗಾತೀರ:
ಮೂರು ಎಕರೆ ಅಡಿಕೆ ತೋಟ ಇದೆ, ಅಪ್ಪನ ಹೆಸರಲ್ಲೇ. ಇದು ನಿಜವಾಗಲೂ ಗೊತ್ತಿರಲಿಲ್ಲ. ಇವತ್ತು ರಾತ್ರಿಯೇ ಮಾತಾಡುತ್ತೇನೆ. ಒಂದು ಸಂದೇಹ. ಸರ್ಟಿಫಿಕೇಟ್‌ನಲ್ಲಿ ಮದುವೆ ದಿನ ಯಾವುದು ಬರುತ್ತದೆ? ನಮಗೆ ಎಂಟು ತಿಂಗಳ ಮಗಳಿದ್ದಾಳೆ.

ಅರ್ಕಾವತಿ:
ಮಗು ಇದೆ ಅಂತ ಈಗ ಹೇಳುತ್ತೀರಾ ಅಣ್ಣ!

ಪಯಸ್ವಿನಿ:
ಒಳ್ಳೆಯದಾಯ್ತು ಹೇಳಿದ್ದು. ರಿಜಿಸ್ಟರ್‌ನಲ್ಲಿ ದಾಖಲಾದ ದಿನದಿಂದ ನಿಮ್ಮ ಮದುವೆ ಈ ಕಾಯ್ದೆಯಡಿ ಆದದ್ದು ಅಂತ ಲೆಕ್ಕ. ಆದರೆ ಶಾಸ್ತ್ರ ಆದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನೂ ಅದರಲ್ಲಿ ಬರೆಯುತ್ತಾರೆ. ಅವರು ಹುಟ್ಟಿದಂದಿನಿಂದಲೂ ಕಾನೂನುಬದ್ಧ ಮಕ್ಕಳೇ, 18ನೇ ಸೆಕ್ಷನ್ ಇರುವುದೇ ಅದಕ್ಕೆ. ಮಗಳ ಜನನ ಪ್ರಮಾಣಪತ್ರ ಜೊತೆಗೆ ಒಯ್ಯಿರಿ, ಅವಳ ಹೆಸರು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಿ.

ದಾಖಲೆಮಾಮ:
ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಆಧಾರ್‌ನಂತೆ ಇದೆಯಾ ನೋಡಿಕೊಳ್ಳಿ.

ಪಯಸ್ವಿನಿ:
ಇದು ಸರಿಯಾದ ಮಾತು.

ತುಂಗಾತೀರ:
ಹತ್ತು ದಿನ ಆಯ್ತು, ಏನಾಯ್ತು ಅಂತ ಬರೆಯುತ್ತಿದ್ದೇನೆ. ಹಳೆಯ ಅರ್ಜಿ ಕೈಬಿಟ್ಟು ವಿಶೇಷ ವಿವಾಹದ ಅರ್ಜಿ ಕೊಟ್ಟೆವು. ಸೋಮವಾರ ನೋಟಿಸ್ ಹಾಕಿದರು. ಮಗಳ ಜನನ ಪ್ರಮಾಣಪತ್ರದಲ್ಲಿ ಅಮ್ಮನ ಹೆಸರು ಬರೀ ಇನಿಶಿಯಲ್ ಇತ್ತು, ದಾಖಲೆಮಾಮ ಅವರೇ. ತಿದ್ದುಪಡಿಗೆ ಕೊಟ್ಟಿದ್ದೇವೆ. ತೋಟದ ವಿಷಯ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಸಾಕ್ಷಿ ಸಹಿಗೆ ತಾವೇ ಬರುತ್ತೇನೆ ಅಂದರು.

ಕೊಪ್ಪದವಳು:
ಒಳ್ಳೆಯದಾಗಲಿ. ನನ್ನದು ಇನ್ನೂ ಆಗಿಲ್ಲ. ಎರಡೂ ಕಚೇರಿಯಲ್ಲಿ 1983ರಿಂದ 86ರವರೆಗೆ ಹುಡುಕಿಸಿದೆ, ಹೆಸರು ಸಿಗಲಿಲ್ಲ. ಅಂದರೆ ನೋಂದಣಿಯೇ ಆಗಿಲ್ಲ ಅನಿಸುತ್ತದೆ. ಈಗ ಮಾಡಿಸೋಣ ಅಂದರೆ ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅಮ್ಮನ ಹತ್ತಿರ ಲಗ್ನಪತ್ರಿಕೆ ಇದೆ, ಒಂದು ಕಪ್ಪು-ಬಿಳುಪು ಫೋಟೊ ಇದೆ. ಇಂಥ ಕೇಸ್ ಯಾರಾದರೂ ಮಾಡಿಸಿದ್ದೀರಾ?