ಸಹಾಯ ಬೇಕು: ಬೋಟ್ ಟ್ರೇಲರ್‌ನ ರೋಲರ್ ತನ್ನ ಜಾಗದಲ್ಲಿ ನಿಲ್ಲುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೆಲ್ಬರ್ನ್‌ನಲ್ಲಿ. ಮೀನು ಹಿಡಿಯುವ ಹುಚ್ಚಿಗೆ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಟ್ರೇಲರ್ ಸಮೇತ ಕೊಂಡೆ. ದೋಣಿ ಬಿಡುವಾಗಲೆಲ್ಲ ಟ್ರೇಲರ್‌ನ ಹಿಂಭಾಗ ಪೋರ್ಟ್ ಫಿಲಿಪ್ ಕೊಲ್ಲಿಯ ಉಪ್ಪುನೀರಿಗೆ ಇಳಿಯಲೇಬೇಕು.

ತೊಂದರೆ, ದೋಣಿ ಇಳಿಸಲು-ಎಳೆಯಲು ಇರುವ ಉರುಳೆಗಳಲ್ಲಿ ತೀರಾ ಹಿಂದಿನ ರೋಲರ್‌ನದ್ದು. ಅದು ತಿರುಗುವ ಕಂಬಿಯ ತುದಿಯಲ್ಲಿ, ಕಂಬಿ ಜಾರದಂತೆ ತಡೆಯುತ್ತಿದ್ದ ಸ್ಪ್ಲಿಟ್ ಪಿನ್ (ತುದಿ ಬಗ್ಗಿಸಿ ಕೂರಿಸುವ ಚಿಕ್ಕ ಪಿನ್) ತುಕ್ಕು ಹಿಡಿದು, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಹೊಸದು ಹಾಕಿದೆ, ಕೆಲವೇ ತಿಂಗಳಲ್ಲಿ ಅದರದ್ದೂ ಅದೇ ಕಥೆ. ಆಮೇಲೆ ಸುತ್ತಿಗೆಯಲ್ಲಿ ಬಡಿದು ಕೂರಿಸುವ ಕ್ಯಾಪ್ ಹಾಕಿ ನೋಡಿದೆ. ಕಳೆದ ಭಾನುವಾರ ದೋಣಿ ಮೇಲೆಳೆಯುವಾಗ ಅದು ಟಪ್ ಅಂತ ಹಾರಿತು, ಕಂಬಿ ಜಾರಿ ರೋಲರ್ ನೀರಿಗೆ ಬಿತ್ತು. ಹಿಂದೆ ಸರದಿಗೆ ಕಾಯುತ್ತಿದ್ದವರ ಮುಖ ನೋಡಬೇಕಿತ್ತು! ಮನೆಗೆ ಬಂದ ತಕ್ಷಣ ಸಿಹಿನೀರಲ್ಲಿ ತೊಳೆಯುತ್ತೇನೆ, ಸೋಮಾರಿತನವಂತೂ ಅಲ್ಲ.

ಈಗ ಸ್ಟೇನ್‌ಲೆಸ್ ಪಿನ್ ತಂದಿಟ್ಟಿದ್ದೇನೆ. ಆದರೆ ಕಂಬಿ ಗ್ಯಾಲ್ವನೈಸ್ ಆದದ್ದು. ಉಪ್ಪುನೀರಲ್ಲಿ ಇವೆರಡು ಲೋಹ ಜೊತೆಯಾದರೆ ಕಂಬಿಯ ಸತುವಿನ ಲೇಪ ಬೇಗ ಸವೆಯುತ್ತದೆ ಅಲ್ವಾ? ಇಷ್ಟು ಚಿಕ್ಕ ಪಿನ್‌ಗೂ ಅದು ಲೆಕ್ಕಕ್ಕೆ ಬರುತ್ತದಾ? ಅಥವಾ ಕಂಬಿಯನ್ನೂ ಸ್ಟೇನ್‌ಲೆಸ್‌ಗೇ ಬದಲಾಯಿಸಿಬಿಡಲಾ? ಸಮುದ್ರಕ್ಕೆ ಟ್ರೇಲರ್ ಇಳಿಸಿ ಅನುಭವ ಇದ್ದವರು ದಯವಿಟ್ಟು ಹೇಳಿ.