ಎಪಿಐ ಫಿಲ್ಟರ್ ಹಾಕಿದರೆ ಭತ್ತದ ಲೆಕ್ಕ ತಾಳೆ ಆಗ್ತಿಲ್ಲ, ಯಾಕೆ?

ಪ್ರಶ್ನೆ (ಕಾರಟಗಿಯಿಂದ): ಅಕ್ಕ, ನಮಸ್ಕಾರ. ನಮ್ಮ ರೈಸ್ ಮಿಲ್‌ನ ಖರೀದಿ ಲೆಕ್ಕ ಒಂದು ಸಾಫ್ಟ್‌ವೇರ್‌ನಲ್ಲಿದೆ, ಅದರ ಎಪಿಐ (ಬೇರೆ ಪ್ರೋಗ್ರಾಂ ಆ ಲೆಕ್ಕವನ್ನ ಕೇಳಿ ಪಡೆಯೋ ದಾರಿ) ಓಡೇಟಾ ವರ್ಷನ್ 4 ಅನ್ನೋ ಪದ್ಧತಿಯದು. ಗಂಗಾವತಿ, ಕಾರಟಗಿ ಎರಡೂ ಕಡೆಯದು ಬೇಕು, ಆದರೆ ಕ್ವಿಂಟಲ್‌ಗೆ 2500 ರೂಪಾಯಿ ದಾಟಿದ್ದು ಮಾತ್ರ. ಫಿಲ್ಟರ್ ಹೀಗೆ ಬರೆದೆ (ಇಕ್ಯೂ ಅಂದ್ರೆ ಸಮ, ಜಿಟಿ ಅಂದ್ರೆ ಅದಕ್ಕಿಂತ ಹೆಚ್ಚು): ಊರು ಇಕ್ಯೂ 'ಗಂಗಾವತಿ' ಆರ್ ಊರು ಇಕ್ಯೂ 'ಕಾರಟಗಿ' ಆ್ಯಂಡ್ ರೇಟ್ ಜಿಟಿ 2500. ಕಾರಟಗಿದು ಸರಿ ಬರುತ್ತೆ. ಗಂಗಾವತಿದು ಮಾತ್ರ 2200ರ ಲಾಟ್ ಕೂಡ ಬರ್ತಿದೆ.

ಉತ್ತರ: ಬ್ರಾಕೆಟ್ ಇಲ್ಲ, ಅದೇ ತೊಂದರೆ. ಆರ್‌ಗಿಂತ ಆ್ಯಂಡ್ ಮೊದಲು ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಸರ್ವರ್ ಓದಿಕೊಂಡಿದ್ದು ಹೀಗೆ: ಗಂಗಾವತಿದು ಯಾವ ರೇಟ್ ಆದ್ರೂ ಕೊಡು, ಇಲ್ಲಾಂದ್ರೆ ಕಾರಟಗಿದು 2500 ದಾಟಿದ್ದನ್ನ ಕೊಡು. ಎರಡು ಊರಿನ ಭಾಗವನ್ನು ಬ್ರಾಕೆಟ್ ಒಳಗೆ ಹಾಕಿ, ಆಮೇಲೆ ಆ್ಯಂಡ್ ಬರೆಯಿರಿ: (ಊರು ಇಕ್ಯೂ 'ಗಂಗಾವತಿ' ಆರ್ ಊರು ಇಕ್ಯೂ 'ಕಾರಟಗಿ') ಆ್ಯಂಡ್ ರೇಟ್ ಜಿಟಿ 2500. ಸರಿಯಾಗಿ 2500ಕ್ಕೆ ಕೊಂಡಿದ್ದೂ ಬೇಕಿದ್ದರೆ ಜಿಟಿ ಬದಲು ಜಿಇ (ಅಷ್ಟೇ ಅಥವಾ ಹೆಚ್ಚು). ಆರ್ ಮತ್ತು ಆ್ಯಂಡ್ ಒಂದೇ ಸಾಲಿನಲ್ಲಿ ಬಂದರೆ ನಾನು ಯೋಚನೆ ಮಾಡದೆ ಬ್ರಾಕೆಟ್ ಹಾಕ್ತೀನಿ, ನಾಳೆ ಆ ಸಾಲನ್ನ ಬೇರೆಯವರು ಓದಬೇಕಲ್ವಾ.

ಪ್ರಶ್ನೆ (ಅವರೇ): ಆಯ್ತು ಅಕ್ಕ, ಸರಿ ಬಂತು! ಇನ್ನೊಂದು. ನವೆಂಬರ್ 1ರಿಂದ ಅಂತ ಫಿಲ್ಟರ್ ಹಾಕಿದರೆ ಆ ದಿನ ರಾತ್ರಿ 2 ಗಂಟೆಗೆ ವೇ ಬ್ರಿಡ್ಜ್ ಹತ್ತಿದ ಲಾರಿಗಳು ಲಿಸ್ಟ್‌ನಲ್ಲೇ ಇಲ್ಲ. ಚೀಟಿ ನನ್ನ ಕೈಯಲ್ಲೇ ಇದೆ.

ಉತ್ತರ: ದಿನಾಂಕದ ಕೊನೆಗೆ ಝಡ್ ಹಾಕಿರಬೇಕು ನೀವು. ಝಡ್ ಅಂದ್ರೆ ಯುಟಿಸಿ, ಜಗತ್ತಿಗೆಲ್ಲ ಒಂದೇ ಆಗಿರೋ ಮೂಲ ಸಮಯ. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. 2024-11-01ಟಿ00:00:00ಝಡ್ ಅಂತ ಬರೆದರೆ ನಮ್ಮಲ್ಲಿ ಬೆಳಗಿನ 5:30ರಿಂದ ಶುರು ಆಗುತ್ತೆ, ಸುಗ್ಗಿಯಲ್ಲಿ ರಾತ್ರಿಯಿಡೀ ಬರೋ ಲಾರಿಗಳೆಲ್ಲ ಅದಕ್ಕೂ ಮುಂಚೆಯೇ ಖಾಲಿಯಾಗಿ ಹೋಗಿರ್ತವೆ. ಹಿಂದಿನ ದಿನದ, ಅಂದ್ರೆ ಅಕ್ಟೋಬರ್ 31ರ 18:30ಝಡ್ ಕೊಡಿ. ಇಲ್ಲ, ಝಡ್ ಜಾಗದಲ್ಲಿ +05:30 ಬರೆಯಿರಿ. ಆದರೆ ಯುಆರ್‌ಎಲ್‌ನಲ್ಲಿ (ಸರ್ವರ್‌ಗೆ ಕಳಿಸೋ ವಿಳಾಸದ ಸಾಲಿನಲ್ಲಿ) ಪ್ಲಸ್ ಗುರುತನ್ನು ಎಷ್ಟೋ ಸರ್ವರ್‌ಗಳು ಖಾಲಿ ಜಾಗ ಅಂತ ಓದಿ 400 ಎರರ್ (ಕೇಳಿದ ರೀತಿ ತಪ್ಪು ಅಂತ) ಕೊಡ್ತವೆ, ಅದಕ್ಕೆ %2ಬಿ ಅಂತ ಹಾಕಬೇಕು. ಪಾರ್ಟಿ ಹೆಸರಲ್ಲಿ & ಇದ್ದರೂ ಇದೇ ಗೋಳು, ಯುಆರ್‌ಎಲ್ ಅಲ್ಲಿಗೇ ತುಂಡಾಗುತ್ತೆ. ಅದಕ್ಕೆ %26.

ಇನ್ನೊಂದು ಮಾತು. ದಿನಾಂಕದ ಸುತ್ತ ಕೋಟ್ ಹಾಕಬೇಡಿ. ಮುಂದೆ ಡೇಟ್‌ಟೈಮ್ ಅಂತ ಬರೆದು ಕೋಟ್ ಹಾಕೋದು ಹಳೆಯ ವರ್ಷನ್‌ಗಳ ಪದ್ಧತಿ. ವರ್ಷನ್ 4 ಸ್ಟ್ಯಾಂಡರ್ಡ್ ಆಗಿದ್ದು 2014ರಲ್ಲಿ, ಆದರೂ ನೆಟ್‌ನಲ್ಲಿ ಹಳೆಯ ಉದಾಹರಣೆಗಳೇ ಜಾಸ್ತಿ ಸಿಗ್ತವೆ.

ಪ್ರಶ್ನೆ (ಸಿಂಧನೂರಿನಿಂದ): ಮೇಡಂ, ನನ್ನದೂ ಇಂಥದ್ದೇ ಎಪಿಐ. ಮಾಯಿಶ್ಚರ್ (ಭತ್ತದ ತೇವಾಂಶ) 17ಕ್ಕಿಂತ ಜಾಸ್ತಿ ಇರೋ ಲಾಟ್ ಒಂದು ಸಲ ತೆಗೆದೆ, 17 ಮತ್ತು ಕಡಿಮೆ ಇರೋದು ಇನ್ನೊಂದು ಸಲ. ಎರಡೂ ಕೂಡಿಸಿದರೆ ಒಟ್ಟು ಲಾಟ್‌ಗಿಂತ ಕಡಿಮೆ ಬರುತ್ತೆ. ಉಳಿದವು ಎಲ್ಲಿ ಹೋದವು?

ಉತ್ತರ: ಮೀಟರ್ ಹಚ್ಚಿ ನೋಡದೆ ಆ ಕಾಲಂ ಖಾಲಿ ಬಿಟ್ಟ ಲಾಟ್ ಇರಬಹುದು, ಅದನ್ನೇ ಮೊದಲು ನೋಡಿ. ಖಾಲಿ ಅಂದ್ರೆ ನಲ್. ನಲ್ ಅನ್ನೋದು ಸೊನ್ನೆ ಅಲ್ಲ, ಅದು 17ಕ್ಕಿಂತ ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಹಾಗಾಗಿ ಎರಡೂ ಫಿಲ್ಟರ್‌ನಿಂದ ಜಾರಿಕೊಳ್ಳುತ್ತೆ. ಮಾಯಿಶ್ಚರ್ ಇಕ್ಯೂ ನಲ್ ಅಂತ ಬರೆದು ಮೂರನೇ ಸಲ ತೆಗೆಯಿರಿ, ಕೋಟ್ ಇಲ್ಲದೆ. ಆ ಲಾಟ್‌ಗಳನ್ನ ಗೋದಾಮಿನಲ್ಲಿ ಹುಡುಕಿ ಮೊದಲು ಮೀಟರ್ ಹಚ್ಚಿಸಿ, ಹಸಿ ಭತ್ತ ಸುಮ್ನೆ ಬಿದ್ದಿದ್ದರೆ ಬಿಸಿ ಹತ್ತಿ ಬಣ್ಣ ಕೆಡುತ್ತೆ.

ಆಮೇಲೂ ಕಡಿಮೆ ಬಂದರೆ ಉತ್ತರದ ಕೊನೆಯಲ್ಲಿ ನೆಕ್ಸ್ಟ್‌ಲಿಂಕ್ ಇದೆಯಾ ನೋಡಿ. ಇದ್ದರೆ ಸರ್ವರ್ ಒಂದು ಪುಟ ಮಾತ್ರ ಕೊಟ್ಟಿದೆ, ಆ ಲಿಂಕ್ ಹಿಡಿದು ಉಳಿದದ್ದನ್ನೂ ತರಿಸಬೇಕು.